ಅಮ್ಮನ ಎಲುಬಿನ ಪಾಠ

2016ರ ಜೂನ್ ತಿಂಗಳ ಕೊನೆಯ ವಾರ. ಡೊಂಬಿವಲಿಯಲ್ಲಿ ಎರಡು ದಿನಗಳಿಂದ ಬಿಡದ ಮಳೆ. ಬೆಳಗಿನ ಹಾಲಿನ ಚೀಲವನ್ನು ಎತ್ತಿಕೊಳ್ಳಲು ಬಾಗಿಲು ತೆರೆದ ಅಮ್ಮ ಹೊಸ್ತಿಲಿನಲ್ಲಿಯೇ ಬಿದ್ದಳು. ಎದುರು ಮನೆಯವರು ಓಡಿ ಬಂದಾಗ ಅವಳು ಗೋಡೆಗೆ ಒರಗಿ ಕುಳಿತಿದ್ದಳಂತೆ. ಹಾಲಿನ ಚೀಲ ಕೈಯಲ್ಲಿಯೇ ಇತ್ತಂತೆ. ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು, ಪಾದ ಹೊರಗಡೆಗೆ ಹೊರಳಿಕೊಂಡಿತ್ತು. ಆಗ ಅವಳಿಗೆ ಎಪ್ಪತ್ತೆಂಟು ವರ್ಷ. ಆ ದಿನ ಸಂಜೆ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಅವಳು ಹೇಳಿದ ಮಾತು ನಮಗೆ ಇಂದಿಗೂ ನೆನಪಿದೆ: "ಬಿದ್ದು ಮುರಿಯಿತೋ, ಮುರಿದು ಬಿದ್ದೆನೋ, ನನಗೇ ತಿಳಿಯದು."

ನಾವು ಮೂವರು ಒಡಹುಟ್ಟಿದವರು. ಹಿರಿಯಳು ಹೈದರಾಬಾದಿನಲ್ಲಿ, ನಡುವಿನವನು ಪುಣೆಯಲ್ಲಿ, ಕಿರಿಯಳು ಅಮ್ಮನಿದ್ದ ಡೊಂಬಿವಲಿಯಲ್ಲಿಯೇ, ರೈಲುಹಳಿಯ ಇನ್ನೊಂದು ಬದಿಯಲ್ಲಿ. ಈ ಬರಹವನ್ನು ಮೂವರೂ ಸೇರಿ ಬರೆಯುತ್ತಿದ್ದೇವೆ. ಇದರಲ್ಲಿ ಬರುವ ತಪ್ಪುಗಳು ಮೂವರದೂ ಆಗಿರುವುದರಿಂದ 'ನಾನು' ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಅಮ್ಮನ ಕಥೆಯನ್ನು ಹೇಳಹೊರಟರೆ ಅದು ಎಲುಬಿನ ಕಥೆಯೂ ಆಗುತ್ತದೆ. ಏಕೆಂದರೆ ಎಲುಬು ಎಂದರೇನೆಂದು ನಮಗೆ ಮೊದಲು ತಿಳಿಸಿದವಳು ಅವಳೇ.

ಅಮ್ಮ ಮಲ್ಪೆಯ ಮೀನುಗಾರರ ಮನೆಯ ಮಗಳು. ಮದುವೆಯಾಗಿ ಮುಂಬಯಿಗೆ ಬಂದು, ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಶಿಕ್ಷಕಿಯಾಗಿ ದುಡಿದು, 1996ರಲ್ಲಿ ನಿವೃತ್ತಳಾದಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ರೈಲಿನಲ್ಲಿ ಮರಾಠಿ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ್ದರಿಂದ ಕನ್ನಡ ವ್ಯಾಕರಣವನ್ನೂ ವಿಜ್ಞಾನವನ್ನೂ ಒಬ್ಬಳೇ ಕಲಿಸಬೇಕಿತ್ತು. ಸಂಧಿ ಎಂಬ ಪದವನ್ನು ಬೆಳಿಗ್ಗೆ ವ್ಯಾಕರಣದ ಅವಧಿಯಲ್ಲಿಯೂ ಮಧ್ಯಾಹ್ನ ಶರೀರದ ಪಾಠದಲ್ಲಿಯೂ ಕರಿಹಲಗೆಯ ಮೇಲೆ ಬರೆಯುತ್ತಿದ್ದಳಂತೆ. "ಎರಡೂ ಕಡೆ ಅರ್ಥ ಒಂದೇ, ಕೂಡುವ ಜಾಗ" ಎನ್ನುತ್ತಿದ್ದಳು.

ಶಾಲೆಯಲ್ಲಿ ಪ್ರಯೋಗಶಾಲೆ ಇರಲಿಲ್ಲ. ಆದ್ದರಿಂದ ಪ್ರಯೋಗಗಳು ನಮ್ಮ ಅಡುಗೆಮನೆಯಲ್ಲಿ ಸಿದ್ಧವಾಗಿ, ಉಪ್ಪಿನಕಾಯಿಯ ಹಳೆಯ ಗಾಜಿನ ಭರಣಿಯಲ್ಲಿ ಕುಳಿತು, ಲೋಕಲ್ ರೈಲಿನಲ್ಲಿ ಪ್ರಯಾಣ ಮಾಡಿ ಶಾಲೆ ಸೇರುತ್ತಿದ್ದವು. ಅವುಗಳಲ್ಲಿ ಒಂದು, ಕೋಳಿಯ ಕಾಲಿನ ಎಲುಬು. ಭಾನುವಾರದ ಸಾರಿನಿಂದ ಎತ್ತಿಟ್ಟ ಎಲುಬನ್ನು ಚೆನ್ನಾಗಿ ತೊಳೆದು ವಿನೆಗರಿನಲ್ಲಿ ಮುಳುಗಿಸಿಡುವಳು. ಮೂರು ನಾಲ್ಕು ದಿನಕ್ಕೊಮ್ಮೆ ವಿನೆಗರ್ ಬದಲಿಸುವಳು. ಒಂದು ವಾರ ಕಳೆದ ಮೇಲೆ ಹೊರತೆಗೆದರೆ ಎಲುಬಿನ ಆಕಾರ ಹಾಗೆಯೇ ಇರುತ್ತಿತ್ತು. ಆದರೆ ಬಾಗಿಸಿದರೆ ರಬ್ಬರಿನಂತೆ ಬಾಗುತ್ತಿತ್ತು. ಹುಳಿ ಎಲುಬಿನೊಳಗಿನ ಸುಣ್ಣದ ಅಂಶವನ್ನೆಲ್ಲ ಕರಗಿಸಿ ಒಯ್ದಿದೆ, ಉಳಿದಿರುವುದು ನಾರು ಎಂದು ಅವಳು ವಿವರಿಸುವಳು. ಆ ನಾರಿನ ಹೆಸರು ಕೊಲಾಜನ್ ಎಂದು ನಾವು ಬಹಳ ವರ್ಷಗಳ ಮೇಲೆ ಓದಿದೆವು. ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಖನಿಜ. ಉಳಿದುದರಲ್ಲಿ ಹೆಚ್ಚಿನದು ಈ ನಾರು ಮತ್ತು ನೀರು. ಖನಿಜದಿಂದ ಗಡಸುತನ, ನಾರಿನಿಂದ ಬಾಗುವ ಗುಣ. ಬರಿಯ ಖನಿಜವಾಗಿದ್ದರೆ ಎಲುಬು ಸೀಮೆಸುಣ್ಣದಂತೆ ಪುಡಿಯಾಗುತ್ತಿತ್ತು. ಬರಿಯ ನಾರಾಗಿದ್ದರೆ ನಾವು ಎದ್ದು ನಿಲ್ಲುತ್ತಿರಲಿಲ್ಲ.

"ಇದರ ಜೊತೆಗೆ ಇನ್ನೊಂದು ಪ್ರಯೋಗ ಇದೆ. ಎಲುಬನ್ನು ಸುಟ್ಟರೆ ನಾರು ಹೋಗಿ ಸುಣ್ಣ ಉಳಿಯುತ್ತದೆ. ಅದನ್ನು ತರಗತಿಯಲ್ಲಿ ಮಾಡಲಿಕ್ಕಾಗುವುದಿಲ್ಲ" ಎಂದು ಅವಳು ಪ್ರತಿ ವರ್ಷವೂ ಪಾಠವನ್ನು ಮುಗಿಸುತ್ತಿದ್ದಳು.

ಎಲುಬುಗಳನ್ನು ಎಣಿಸಿದವರು ಬಹಳ ಹಿಂದಿನಿಂದಲೂ ಇದ್ದಾರೆ. ಚರಕ ಸಂಹಿತೆ 360 ಎಂದರೆ ಸುಶ್ರುತ ಸಂಹಿತೆ 300 ಎನ್ನುತ್ತದೆ. ಇಂದಿನ ಪುಸ್ತಕಗಳಲ್ಲಿ 206. ಸುಶ್ರುತನು ಹಲ್ಲುಗಳನ್ನೂ ಮೆದು ಎಲುಬುಗಳನ್ನೂ ಲೆಕ್ಕಕ್ಕೆ ಹಿಡಿದದ್ದು ಈ ಅಂತರಕ್ಕೆ ಒಂದು ಕಾರಣ. ಮೆದು ಎಲುಬಿಗೆ ಅವನು ಕೊಟ್ಟ ಹೆಸರು 'ತರುಣ'. ಆ ಹೆಸರಿನ ಹಿಂದೆ ಸರಿಯಾದ ನೋಟವೇ ಇದೆ. ಗರ್ಭದಲ್ಲಿ ನಮ್ಮ ಎಲುಬುಗಳಲ್ಲಿ ಹೆಚ್ಚಿನವು ಮೊದಲು ಮೃದ್ವಸ್ಥಿಯಾಗಿಯೇ ಮೂಡಿ ಅನಂತರ ಗಟ್ಟಿಯಾಗುತ್ತವೆ. ಹುಟ್ಟಿದ ಕೂಸಿನಲ್ಲಿ ಸುಮಾರು 300 ತುಂಡುಗಳಿರುತ್ತವೆ. ಬೆಳೆಯುತ್ತ ಒಂದಕ್ಕೊಂದು ಬೆಸೆದುಕೊಂಡು 206ಕ್ಕೆ ಇಳಿಯುತ್ತವೆ. ಕೂಸಿನ ನೆತ್ತಿಯಲ್ಲಿ ಮಿಡಿಯುವ ಮೆತ್ತನೆಯ ಜಾಗ ಈ ಬೆಸುಗೆ ಇನ್ನೂ ಮುಗಿದಿಲ್ಲವೆಂಬುದರ ಗುರುತು. ಹೆರಿಗೆಯ ದಾರಿಯಲ್ಲಿ ತಲೆ ಸ್ವಲ್ಪ ಅಮರಿಕೊಳ್ಳಲಿ, ಹುಟ್ಟಿದ ಮೇಲೆ ಮಿದುಳು ಬೆಳೆಯಲು ಎಡೆಯಿರಲಿ ಎಂದು ಶರೀರವೇ ಬಿಟ್ಟ ಬಿಡುವು ಅದು. ಒಂದೂವರೆ ವರ್ಷದ ಸುಮಾರಿಗೆ ಮುಚ್ಚಿಕೊಳ್ಳುತ್ತದೆ. ನಮ್ಮ ಮೂವರ ನೆತ್ತಿಗೂ ಎಣ್ಣೆಯಿಟ್ಟವಳು ಅಮ್ಮ.

ರಕ್ಷಣೆ ಎಂದರೆ ಗಟ್ಟಿಯಾಗಿರುವುದು ಮಾತ್ರವಲ್ಲ ಎಂಬುದನ್ನು ಅಮ್ಮ ಎದೆಗೂಡಿನ ಉದಾಹರಣೆಯಿಂದ ಕಲಿಸುತ್ತಿದ್ದಳು. ಮಿದುಳಿಗೆ ಬುರುಡೆ ಮುಚ್ಚಿದ ಪೆಟ್ಟಿಗೆ. ಬೆನ್ನುಹುರಿಗೆ ಒಂದರ ಮೇಲೊಂದು ಪೇರಿಸಿದ ಕಶೇರುಗಳ ಕೊಳವೆ. ಆದರೆ ಹೃದಯವನ್ನೂ ಶ್ವಾಸಕೋಶಗಳನ್ನೂ ಕಾಯುವ ಹನ್ನೆರಡು ಜೊತೆ ಪಕ್ಕೆಲುಬುಗಳು ಬುರುಡೆಯಂತೆ ಮುಚ್ಚಿಕೊಂಡಿದ್ದರೆ ಉಸಿರಾಟವೇ ನಡೆಯುತ್ತಿರಲಿಲ್ಲ. ಆದ್ದರಿಂದ ಮೊದಲಿನ ಹತ್ತು ಜೊತೆಗಳು ಮುಂದುಗಡೆ ಮೃದ್ವಸ್ಥಿಯಾಗಿ ಬಾಗಿಕೊಡುತ್ತವೆ. ಕೊನೆಯ ಎರಡು ಜೊತೆಗಳು ಮುಂದೆ ಯಾವುದನ್ನೂ ಮುಟ್ಟದೆ ನಿಲ್ಲುತ್ತವೆ. ಮಲ್ಪೆಯ ಹುಡುಗಿಗೆ ಮೃದ್ವಸ್ಥಿ ಹೊಸದಲ್ಲ. ತಾಟೆ, ತೊರಕೆ ಮೀನುಗಳಲ್ಲಿ ಗಟ್ಟಿ ಎಲುಬೇ ಇಲ್ಲ, ಇಡೀ ಹಂದರವೇ ಮೃದ್ವಸ್ಥಿ ಎಂದು ಅವಳು ಪಠ್ಯದಲ್ಲಿ ಓದುವ ಮೊದಲೇ ಕತ್ತಿಯ ಬಾಯಿಯಿಂದ ತಿಳಿದಿದ್ದಳು. "ನಾಲಿಗೆಗೆ ಎಲುಬಿಲ್ಲವೆಂದು ಮನಬಂದಂತೆ ಹೊರಳಿಸಬೇಡಿ, ಅದರ ಬುಡದಲ್ಲಿ ಒಂದು ಎಲುಬಿದೆ" ಎಂದು ಮಾತಿನಮಲ್ಲರಾದ ಮಕ್ಕಳನ್ನು ಗದರಿಸುವಾಗಲೂ ಅವಳ ಮಾತು ನಿಜವೇ ಆಗಿತ್ತು. ಗಂಟಲಲ್ಲಿ ಕುದುರೆಲಾಳದ ಆಕಾರದ ಆ ಎಲುಬು ಬೇರೆ ಯಾವ ಎಲುಬನ್ನೂ ಮುಟ್ಟದೆ, ಸ್ನಾಯುಗಳ ಮತ್ತು ಬಂಧಗಳ ನಡುವೆ ತೂಗಿಕೊಂಡಿದೆ.

ಸ್ನಾಯು ಎಂದು ಬರೆದೆವು. ಈಗಿನ ಕನ್ನಡದಲ್ಲಿ ಅದು ಮಾಂಸಖಂಡಕ್ಕೆ ಸಲ್ಲುತ್ತದೆ. ಸುಶ್ರುತನಲ್ಲಿ ಮಾಂಸಖಂಡ ಪೇಶಿ. ಸ್ನಾಯು ಎಂದರೆ ಕಟ್ಟುವ ನಾರು. ಅಂಥವು ಒಂಬೈನೂರು ಎಂದು ಅವನ ಲೆಕ್ಕ. ಹಲಗೆಗಳನ್ನು ಹಗ್ಗಗಳಿಂದ ಬಿಗಿದು ಕಟ್ಟಿದ ದೋಣಿ ನೀರಿನಲ್ಲಿ ಭಾರ ಹೊರುವಂತೆ, ಸಂಧಿಗಳಲ್ಲಿ ಸ್ನಾಯುಗಳಿಂದ ಕಟ್ಟಿದ ಶರೀರ ಭಾರ ಹೊರುತ್ತದೆ ಎಂದು ಆತ ಹೋಲಿಸುತ್ತಾನೆ. ಅಮ್ಮ ಸುಶ್ರುತನನ್ನು ಓದಿದವಳಲ್ಲ. ಆದರೆ ತರಗತಿಯಲ್ಲಿ ಅವಳೂ ಇದೇ ಹೋಲಿಕೆಯನ್ನು ಹೇಳುತ್ತಿದ್ದಳು. ನಮ್ಮ ಪಡುಗಡಲಿನ ಹಳೆಯ ದೋಣಿಗಳಲ್ಲಿ ಹಲಗೆಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ. ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮರಳಿಗೆ ಬಡಿದಾಗ ಮೊಳೆಯ ದೋಣಿ ಸೀಳಿಕೊಂಡರೆ ಹೊಲಿದ ದೋಣಿ ಬಳುಕಿ ಉಳಿಯುತ್ತದೆ ಎಂದು ಅಜ್ಜನಿಂದ ಕೇಳಿದ್ದಳು. "ಎಲ್ಲರಿಗೂ ಹಲಗೆ ಕಾಣುತ್ತದೆ, ಹುರಿ ಯಾರಿಗೂ ಕಾಣುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಬಿಚ್ಚಿ ಹೊಸದಾಗಿ ಹೊಲಿಯಬೇಕಾದದ್ದು ಹುರಿಯನ್ನೇ."

ಶರೀರದಲ್ಲಿ ಈ ಹುರಿಗೆ ಅನೇಕ ರೂಪಗಳಿವೆ. ಎಲುಬಿಗೆ ಎಲುಬನ್ನು ಕಟ್ಟುವುದು ಅಸ್ಥಿಬಂಧ. ಮಾಂಸಖಂಡವನ್ನು ಎಲುಬಿಗೆ ಕಟ್ಟುವುದು ಕಂಡರ. ಹಿಮ್ಮಡಿಯ ಮೇಲೆ ಕೈಯಿಟ್ಟರೆ ಬಿಗಿದ ಹಗ್ಗದಂತೆ ಸಿಗುವುದು ಇಂಥದೊಂದು ಕಂಡರವೇ. ಕೀಲುಗಳಲ್ಲಿ ಎಲುಬಿನ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ಕೀಲಿನ ದ್ರವದಿಂದಲೇ ಅದರ ಪೋಷಣೆ. ಆದ್ದರಿಂದಲೇ ಅದು ಸವೆದರೆ ಮತ್ತೆ ಕೂಡಿಕೊಳ್ಳುವುದು ಬಹಳ ಕಷ್ಟ. ಮೂತ್ರಪಿಂಡಗಳ ಸುತ್ತಲಿನ, ಹಿಮ್ಮಡಿಯ ಕೆಳಗಿನ ಕೊಬ್ಬಿನ ಮೆತ್ತೆಯೂ ಇದೇ ಕುಲಕ್ಕೆ ಸೇರಿದ್ದು. ಎಲುಬು ಕೂಡ ಇದೇ ಕುಲದ್ದು. ರಕ್ತವನ್ನೂ ಇದರಲ್ಲಿ ಸೇರಿಸುತ್ತಾರೆ. ಇವುಗಳಿಗೆಲ್ಲ ವಿಜ್ಞಾನ ಕೊಟ್ಟ ಒಟ್ಟು ಹೆಸರು ಸಂಯೋಜಕ ಅಂಗಾಂಶ, ಎಂದರೆ ಕೂಡಿಸುವ ಅಂಗಾಂಶ.

ಇಷ್ಟೆಲ್ಲ ತಿಳಿದ ಮನೆಯವರು ನಾವು. ಆದರೂ ಆಸ್ಪತ್ರೆಯಲ್ಲಿ ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಬಾಯಿ ಕಟ್ಟಿಹೋಯಿತು. ತೊಡೆಯ ಎಲುಬು ಶರೀರದಲ್ಲಿಯೇ ಅತಿ ಉದ್ದ, ಅತಿ ಬಲಶಾಲಿ. ಅದರ ಮೇಲ್ತುದಿಯ ಗುಂಡು ಸೊಂಟದ ಗುಳಿಯಲ್ಲಿ ಕೂರುತ್ತದೆ. ಗುಂಡಿಗೂ ದಂಡಕ್ಕೂ ನಡುವೆ ಓರೆಯಾಗಿ ಒಂದು ಕತ್ತು. ಅಮ್ಮನಿಗೆ ಮುರಿದದ್ದು ಆ ಕತ್ತು. ಗುಂಡಿಗೆ ಹೋಗುವ ರಕ್ತ ಬಹುಪಾಲು ಕತ್ತಿನ ಮೇಲೆ ಹಾದುಹೋಗುವ ಸಣ್ಣ ನಾಳಗಳಿಂದಲೇ ಬರುತ್ತದೆ. ಕತ್ತು ಮುರಿದು ಸರಿದರೆ ಅವೂ ಹರಿಯುತ್ತವೆ, ಗುಂಡು ಒಣಗುತ್ತದೆ. ಆದ್ದರಿಂದ ಈ ವಯಸ್ಸಿನಲ್ಲಿ ಕೂಡಿಸಿ ಮೊಳೆ ಹೊಡೆಯುವುದಕ್ಕಿಂತ ಗುಂಡನ್ನೇ ತೆಗೆದು ಲೋಹದ ಗುಂಡನ್ನು ಕೂರಿಸುವುದು ಮೇಲು ಎಂದರು. "ಆದಷ್ಟು ಬೇಗ, ಒಂದೆರಡು ದಿನದೊಳಗೆ ಆಗಬೇಕು. ಮಲಗಿದಷ್ಟೂ ಆಜಿಯ ಎದೆಗೆ, ಬೆನ್ನಿಗೆ ಅಪಾಯ" ಎಂದೂ ಹೇಳಿದರು.

ನಾವು ನಾಲ್ಕನೆಯ ದಿನ ಒಪ್ಪಿದೆವು. ನಡುವಿನ ದಿನಗಳಲ್ಲಿ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಅಮ್ಮನ ಹೃದಯ ದುರ್ಬಲ, ಅರಿವಳಿಕೆ ತಡೆಯುವುದೇ ಎಂಬ ಭಯದಿಂದ ಮಾತು ಆರಂಭವಾಯಿತು. ಅದು ನಿಜವಾದ ಭಯವೇ. ಆದರೆ ಗಂಟೆ ಕಳೆದಂತೆ ಮಾತು ಬೇರೆ ಕಡೆಗೆ ಹೊರಳಿತು. ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿ ಅಮ್ಮನನ್ನು ಒಬ್ಬಳನ್ನೇ ಬಿಟ್ಟದ್ದು ಯಾರು? ಪುಣೆಯ ಮನೆಯಲ್ಲಿ ಕೋಣೆ ಇರಲಿಲ್ಲವೇ? ಹತ್ತಿರವಿದ್ದವಳು ವಾರಕ್ಕೆಷ್ಟು ಸಲ ಬರುತ್ತಿದ್ದಳು? ದೂರವಿದ್ದವಳು ಫೋನಿನಲ್ಲಿ ಉಪದೇಶ ಹೇಳಿದ್ದು ಬಿಟ್ಟು ಮಾಡಿದ್ದೇನು? ಅಪ್ಪನು ತೀರಿಕೊಂಡಾಗ ಮನೆಯ ಕಾಗದಪತ್ರಗಳ ಬಗ್ಗೆ ಆಡಿದ್ದ, ಮರೆತೆವೆಂದುಕೊಂಡಿದ್ದ ಮಾತುಗಳೆಲ್ಲ ಆಸ್ಪತ್ರೆಯ ಕಾರಿಡಾರಿನಲ್ಲಿ ಎದ್ದು ಕುಳಿತವು.

ಹಡಗಿನವರ ಸ್ಕರ್ವಿ ರೋಗದ ಬಗ್ಗೆ ಅನಂತರ ಓದುವಾಗ ಆ ದಿನಗಳು ನಮಗೆ ನೆನಪಾದವು. ತಿಂಗಳುಗಟ್ಟಲೆ ತಾಜಾ ಹಣ್ಣು, ಸೊಪ್ಪು ಕಾಣದ ನಾವಿಕರಲ್ಲಿ ಒಸಡು ಸೋರುತ್ತಿತ್ತು, ಹಲ್ಲು ಸಡಿಲವಾಗುತ್ತಿತ್ತು. ಎಷ್ಟೋ ವರ್ಷಗಳ ಹಿಂದೆ ಮಾಗಿದ್ದ ಗಾಯಗಳು ಮತ್ತೆ ಬಾಯಿ ತೆರೆಯುತ್ತಿದ್ದವು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು 'ಸಾಲಿಸ್‌ಬರಿ' ಹಡಗಿನಲ್ಲಿ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಪಥ್ಯ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಕಾರಣ ತಿಳಿದದ್ದು ಬಹಳ ತಡವಾಗಿ. ಕೊಲಾಜನ್ ನಾರು ಗಟ್ಟಿಯಾಗಿ ಹೆಣೆದುಕೊಳ್ಳಲು ಸಿ ಜೀವಸತ್ವ ಬೇಕು. ಮಾಗಿದ ಗಾಯವೂ ಒಮ್ಮೆ ಮಾಗಿ ಮುಗಿದದ್ದಲ್ಲ. ಅಲ್ಲಿಯ ನಾರು ಹಳೆಯದಾಗಿ ಬಿಚ್ಚಿಕೊಳ್ಳುತ್ತ, ಹೊಸದಾಗಿ ಹೆಣೆದುಕೊಳ್ಳುತ್ತ ಇರುತ್ತದೆ. ಹೆಣಿಗೆ ನಿಂತರೆ ಗಾಯ ಮರಳುತ್ತದೆ. ನಮ್ಮ ಮೂವರ ನಡುವೆ ಹೆಣಿಗೆ ನಿಂತು ಬಹಳ ಕಾಲವಾಗಿತ್ತು. ಅಮ್ಮ ಒಬ್ಬಳೇ ದಿನಕ್ಕೊಬ್ಬರಿಗೆ ಫೋನು ಮಾಡಿ, ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಮುಟ್ಟಿಸಿ ಅದನ್ನು ನಡೆಸುತ್ತಿದ್ದಳು. ಅವಳು ಮಲಗಿದ ಮರುದಿನವೇ ಅದು ನಮಗೆ ತಿಳಿಯಿತು.

ತಡಮಾಡಿದ್ದಕ್ಕೆ ಬೆಲೆ ತೆತ್ತವಳು ಅಮ್ಮ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಆದರೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು, ಬೆನ್ನ ಕೆಳಗೆ ಹಾಸಿಗೆ ಹುಣ್ಣು ಎದ್ದಿತು. ಮೂರು ವಾರ ಆಸ್ಪತ್ರೆಯಲ್ಲಿಯೇ ಕಳೆದವು. ಎರಡೇ ದಿನದಲ್ಲಿ ಒಪ್ಪಿದ್ದರೆ ಇವು ಬರುತ್ತಿರಲಿಲ್ಲವೆಂದು ಖಚಿತವಾಗಿ ಯಾರೂ ಹೇಳಲಾರರು. ಆದರೆ ವೈದ್ಯರು ಎಚ್ಚರಿಸಿದ್ದು ಇವನ್ನೇ.

ಆ ಮೂರು ವಾರಗಳಲ್ಲಿ ನಾವು ಹಿಂದಕ್ಕೆ ನೋಡಲು ಕಲಿತೆವು. 2014ರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಕೈಯೂರಿದಾಗ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರು ಹಾಕಿಸಿದೆವು, ಆರು ವಾರಕ್ಕೆ ತೆಗೆಸಿದೆವು, ಮರೆತೆವು. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಎಲುಬು ಏಕೆ ಮುರಿಯಬೇಕೆಂದು ಅಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಅಂಥ ಮುರಿತ ಎಲುಬು ಟೊಳ್ಳಾಗುತ್ತಿರುವುದರ ಮೊದಲ ಸೂಚನೆಯಾಗಿರಬಹುದೆಂದು ಈಗ ತಿಳಿದಿದೆ. ಇನ್ನೊಂದು ಸೂಚನೆಯನ್ನು ನೋಡಿ ನಾವು ನಕ್ಕಿದ್ದೆವು. ಸೀರೆಯ ಅಂಚು ನೆಲಕ್ಕೆ ತಾಗುತ್ತದೆ ಎಂದು ಅವಳು ಸೊಂಟದಲ್ಲಿ ಎರಡು ಸುತ್ತು ಹೆಚ್ಚು ಸಿಕ್ಕಿಸಿಕೊಳ್ಳತೊಡಗಿದ್ದಳು. ಅಡುಗೆಮನೆಯ ಮೇಲಿನ ಹಲಗೆಯ ಡಬ್ಬಿಗಳು ಒಂದೊಂದಾಗಿ ಕೆಳಗೆ ಇಳಿದಿದ್ದವು. "ಅಮ್ಮ ಕುಳ್ಳಗಾಗುತ್ತಿದ್ದಾಳೆ" ಎಂದು ಮೊಮ್ಮಕ್ಕಳು ತಮಾಷೆ ಮಾಡಿದರೆ ಅವಳೂ ನಗುತ್ತಿದ್ದಳು. ಬೆನ್ನಿನ ಎಕ್ಸ್‌ರೇ ತೆಗೆದಾಗ ಎರಡು ಕಶೇರುಗಳು ಕುಸಿದು ಬೆಣೆಯಾಕಾರಕ್ಕೆ ಬಂದಿದ್ದವು. ಹೀಗೆ ಕುಸಿಯುವುದು ಹಲವು ಸಲ ಗೊತ್ತೇ ಆಗುವುದಿಲ್ಲವಂತೆ. ಬೆನ್ನುನೋವೆಂದು ಒಂದು ವಾರ ಮುಲಾಮು ಹಚ್ಚಿಕೊಂಡರೆ ಮುಗಿಯಿತು.

ಎಲುಬು ಸತ್ತ ವಸ್ತುವಲ್ಲ. ಒಂದು ಬಗೆಯ ಕೋಶಗಳು ಹಳೆಯ ಎಲುಬನ್ನು ಕೆರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಬೆಳೆದವರಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಎಲುಬು ಹೀಗೆ ಹೊಸದಾಗುತ್ತದೆ. ಶರೀರದ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲಿಲ್ಲದೆ ಹೃದಯ ಮಿಡಿಯದು, ಸ್ನಾಯು ಕುಗ್ಗದು. ರಕ್ತದಲ್ಲಿ ಅದು ಕಡಿಮೆಯಾದರೆ ಎಲುಬು ತನ್ನದನ್ನು ಬಿಚ್ಚಿ ಕೊಡುತ್ತದೆ. ಬಸಿರು, ಬಾಣಂತನಗಳಲ್ಲಿ ತಾಯಿಯ ಎಲುಬು ಕೊಡುವುದೂ ಹೀಗೆಯೇ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಕೆರೆಯುವ ಕೆಲಸ ಕಟ್ಟುವ ಕೆಲಸವನ್ನು ಮೀರುತ್ತದೆ. ಹೊರಗಿನ ಆಕಾರ ಹಾಗೆಯೇ ಇರುತ್ತದೆ, ಒಳಗಿನ ಜಾಲರಿ ತೆಳ್ಳಗಾಗುತ್ತದೆ.

ಇದಕ್ಕೆ ನಾವು ನಮ್ಮ ಪ್ರೀತಿಯನ್ನೂ ಸೇರಿಸಿದ್ದೆವು. 1892ರಲ್ಲಿ ಯೂಲಿಯಸ್ ವೋಲ್ಫ್ ಎಂಬ ಜರ್ಮನ್ ವೈದ್ಯನು, ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ನಿರೂಪಿಸಿದ. ಭಾರ ಬಿದ್ದಲ್ಲಿ ಗಟ್ಟಿಯಾಗುತ್ತದೆ, ಭಾರವಿಲ್ಲದಲ್ಲಿ ಕರಗುತ್ತದೆ. ತೂಕವಿಲ್ಲದೆ ತೇಲುವ ಗಗನಯಾತ್ರಿಗಳು ಸೊಂಟದ ಎಲುಬಿನಲ್ಲಿ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಪಾಲು ಕಳೆದುಕೊಳ್ಳುತ್ತಾರೆ. ಅಮ್ಮ ಎಪ್ಪತ್ತೆರಡು ವರ್ಷದವರೆಗೆ ಆ ಮೂರು ಮಹಡಿಗಳನ್ನು ದಿನಕ್ಕೆರಡು ಸಲ ಹತ್ತಿ ಇಳಿಯುತ್ತಿದ್ದವಳು. ಬೆಳಿಗ್ಗೆ ಮೀನು ಮಾರುಕಟ್ಟೆ, ಸಂಜೆ ತರಕಾರಿ. ಕೈಯಲ್ಲಿ ಚೀಲ, ತಲೆಯ ಮೇಲೆ ಬಿಸಿಲು. ಅವಳಿಗೆ ಆಯಾಸವಾಗಬಾರದೆಂದು ನಾವು ಸಾಮಾನು ಮನೆಗೇ ತಂದುಕೊಡುವ ಅಂಗಡಿಯನ್ನು ಗೊತ್ತುಮಾಡಿದೆವು. ಪಾತ್ರೆಗೆ, ಬಟ್ಟೆಗೆ ಆಳನ್ನಿಟ್ಟೆವು. ಟಿವಿಯ ಎದುರು ಒರಗುಕುರ್ಚಿ ತಂದೆವು. "ನೀನು ಕುಳಿತಿರು ಅಮ್ಮ, ದುಡಿದದ್ದು ಸಾಕು" ಎಂದು ಮೂವರೂ ಹೇಳಿದೆವು. ಅವಳು ಕುಳಿತಳು. ಬಿಸಿಲು ತಪ್ಪಿತು, ಮೆಟ್ಟಿಲು ತಪ್ಪಿತು. ಒಬ್ಬಳಿಗೆ ಅಡುಗೆ ಏಕೆಂದು ಬೂತಾಯಿ ಸಾರೂ ರಾಗಿ ಮಣ್ಣಿಯೂ ತಪ್ಪಿ, ಚಹಾ ಬ್ರೆಡ್ಡಿನಲ್ಲಿ ದಿನ ಕಳೆಯತೊಡಗಿತು. ಆಸ್ಪತ್ರೆಯಲ್ಲಿ ಜಗಳವಾಡುವಾಗ ನಾವು ಶಪಿಸಿದ್ದು ಆ ಮೂರು ಮಹಡಿಗಳ ಮೆಟ್ಟಿಲನ್ನು. ಅಮ್ಮನನ್ನು ಅಷ್ಟು ವರ್ಷ ನಿಲ್ಲಿಸಿದ್ದು ಅದೇ ಮೆಟ್ಟಿಲು.

ಶಸ್ತ್ರಚಿಕಿತ್ಸೆಯ ಮರುದಿನವೇ ವ್ಯಾಯಾಮದ ಚಿಕಿತ್ಸಕಿ ಬಂದು ಅಮ್ಮನನ್ನು ಎಬ್ಬಿಸಿ ನಿಲ್ಲಿಸಿದಳು. ನಾವು ಬೇಡವೆಂದು ಕೈಹಿಡಿಯಲು ಹೋದಾಗ "ಭಾರ ಬೀಳಲಿ, ಬೀಳಬೇಕು" ಎಂದು ನಮ್ಮನ್ನು ಬದಿಗೆ ಸರಿಸಿದಳು. ಜ್ವರದ ದಿನಗಳಲ್ಲಿ ಅದು ತಪ್ಪಿಹೋದರೂ, ಇಳಿದ ಮೇಲೆ ಮತ್ತೆ ಆರಂಭವಾಯಿತು. ಪುಣೆಯ ನೆಲಮಹಡಿಯ ಮನೆಗೆ ಅಮ್ಮ ಹೋದ ಮೇಲೆ ಅವಳ ಆರೈಕೆಗೆ ಬಂದ ಮಾವಶಿಯೊಬ್ಬರು ಆ ಮಾತನ್ನು ನಮಗಿಂತ ಚೆನ್ನಾಗಿ ಪಾಲಿಸಿದರು. ವಾಕರು ಹಿಡಿಸಿ ಅಂಗಳಕ್ಕೆ ಕರೆದೊಯ್ಯುವುದು, ಹೊತ್ತೇರಿದ ಬಿಸಿಲಿನಲ್ಲಿ ಕುಳ್ಳಿರಿಸುವುದು, ಬೆಳ್ಳುಳ್ಳಿ ಸುಲಿಯಲು, ಸೊಪ್ಪು ಬಿಡಿಸಲು ಕೊಡುವುದು. "ಆಜಿ, ನೀವು ಶಿಕ್ಷಕಿ. ನನ್ನ ಮಗನಿಗೆ ಲೆಕ್ಕ ಹೇಳಿಕೊಡಿ" ಎಂದು ಸಂಜೆ ಹುಡುಗನನ್ನು ತಂದು ಎದುರಿಗೆ ಕೂರಿಸಿದ್ದೂ ಅವರೇ. ಅಮ್ಮನಿಗೆ ಬೇಕಾಗಿದ್ದ ಭಾರ ಅದೂ ಆಗಿತ್ತೆಂದು ನಮಗೆ ಹೊಳೆದದ್ದು ಆ ಮೇಲೆ.

ಕ್ಯಾಲ್ಸಿಯಂ ಮಾತ್ರೆ, ಡಿ ಜೀವಸತ್ವ, ಎಲುಬು ಕರಗುವುದನ್ನು ತಡೆಯುವ ಔಷಧ ಇವುಗಳ ಜೊತೆಗೆ ರಾಗಿ ಮತ್ತೆ ಬಂತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯಕ್ಕೂ ಅಷ್ಟಿಲ್ಲ ಎಂದು ಅಮ್ಮನೇ ಮಾವಶಿಗೆ ಪಾಠ ಹೇಳಿದಳು. ಆರು ತಿಂಗಳಿಗೆ ವಾಕರು ಹೋಗಿ ಊರುಗೋಲು ಬಂತು. ಹಿರಿಯಳು ಹೈದರಾಬಾದಿನಿಂದ ತಿಂಗಳಿಗೊಮ್ಮೆ, ಕಿರಿಯಳು ಎರಡು ವಾರಕ್ಕೊಮ್ಮೆ ಪುಣೆಗೆ ಬಂದು ಹೋಗತೊಡಗಿದರು. ಕಾಗದಪತ್ರಗಳ ಮಾತನ್ನು ಅಮ್ಮನ ಎದುರಿನಲ್ಲಿಯೇ ಕುಳಿತು ಮುಗಿಸಿದೆವು. ಒಂದೇ ಸಲಕ್ಕೆ ಮುಗಿಯಲಿಲ್ಲ. ಮೂರು ಸಲ ಜಗಳವಾಗಿ ನಾಲ್ಕನೆಯ ಸಲ ಮುಗಿಯಿತು.

ಅಮ್ಮ ಇನ್ನೂ ಮೂರು ವರ್ಷ ಬಾಳಿದಳು. 2019ರ ಚಳಿಗಾಲದ ಒಂದು ರಾತ್ರಿ ನಿದ್ದೆಯಲ್ಲಿ ಹೃದಯ ನಿಂತಿತು. ಮರುದಿನ ಬೂದಿ ಆಯಲು ಹೋದಾಗ ಅಲ್ಲಿಯ ಕೆಲಸದವನು ಕಬ್ಬಿಣದ ತಟ್ಟೆಯನ್ನು ನಮ್ಮ ಮುಂದಿಟ್ಟು, ಲೋಹದ ಗುಂಡನ್ನು ಬದಿಗೆ ಎತ್ತಿಟ್ಟು, "ಇದು ಬೇಕೇ?" ಎಂದು ಕೇಳಿದ. ಬೇಡವೆಂದೆವು. ಉಳಿದದ್ದು ಬೆಳ್ಳಗಿನ ಎಲುಬಿನ ಚೂರುಗಳು. ಒಂದನ್ನು ಎತ್ತಿಕೊಂಡರೆ ಬೆರಳುಗಳ ನಡುವೆ ಸೀಮೆಸುಣ್ಣದಂತೆ ಪುಡಿಯಾಯಿತು. ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ತರಗತಿಯಲ್ಲಿ ಮಾಡಲಿಕ್ಕಾಗದ ಎರಡನೆಯ ಪ್ರಯೋಗ ಅದು. ನಾರು ಹೋಗಿತ್ತು, ಸುಣ್ಣ ಉಳಿದಿತ್ತು. ಅದನ್ನು ಮಲ್ಪೆಗೆ ಒಯ್ದು ಕಡಲಿಗೆ ಬಿಟ್ಟೆವು.

ಡೊಂಬಿವಲಿಯ ಮನೆಯ ಅಡುಗೆಕೋಣೆಯ ಬಾಗಿಲಿನ ಮರದ ಪಟ್ಟಿಯ ಮೇಲೆ ಅಮ್ಮ ಪ್ರತಿ ಜೂನ್ ತಿಂಗಳಲ್ಲಿ, ಶಾಲೆ ತೆರೆಯುವ ಮುನ್ನಾದಿನ, ನಮ್ಮ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತಿಸುತ್ತಿದ್ದಳು. 1979ರ ಜೂನಿನಲ್ಲಿ ನಾವು ಹಟಮಾಡಿ ಅವಳನ್ನೂ ನಿಲ್ಲಿಸಿ ಒಂದು ಗೆರೆ ಎಳೆದಿದ್ದೆವು: ಐದು ಅಡಿ ಒಂದು ಅಂಗುಲ. ಪುಣೆಯಲ್ಲಿ ಅವಳು ಊರುಗೋಲು ಹಿಡಿದು ನಿಂತ ಮೇಲೆ ಅಳೆದರೆ ನಾಲ್ಕು ಅಡಿ ಹತ್ತು ಅಂಗುಲ. ಯೌವನದ ಎತ್ತರಕ್ಕಿಂತ ಒಂದೂವರೆ ಅಂಗುಲಕ್ಕಿಂತ ಹೆಚ್ಚು ಕುಗ್ಗಿದ್ದರೆ ವೈದ್ಯರಿಗೆ ತೋರಿಸಬೇಕು, ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಬೇಕು ಎಂದು ಆಗ ತಿಳಿಯಿತು. ಮೂರು ಅಂಗುಲ ನಮ್ಮ ಕಣ್ಣೆದುರಿನಲ್ಲಿಯೇ ಹೋಗಿತ್ತು. ಅಳತೆಯ ಗೆರೆ ಮನೆಯಲ್ಲಿಯೇ ಇತ್ತು. ಮಕ್ಕಳನ್ನು ಅಳೆಯಲು ಮಾತ್ರ ಅದು ಎಂದು ನಾವು ತಿಳಿದಿದ್ದೆವು.

ಆ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವಾಗ ಬಡಗಿಗೆ ಹೇಳಿ ಆ ಮರದ ಪಟ್ಟಿಯನ್ನು ಬಿಚ್ಚಿಸಿ ತಂದೆವು. ಈಗ ಅದು ಪುಣೆಯ ಮನೆಯ ಗೋಡೆಗೆ ಆನಿಸಿ ನಿಂತಿದೆ. ಅಮ್ಮನ ತಿಥಿಯ ದಿನ ಮೂವರೂ ಸೇರುತ್ತೇವೆ. ಊಟವಾದ ಮೇಲೆ ಚಪ್ಪಲಿಯಿಲ್ಲದೆ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಒಬ್ಬೊಬ್ಬರಾಗಿ ನಿಲ್ಲುತ್ತೇವೆ. ಮಕ್ಕಳು ಗೆರೆ ಎಳೆಯುತ್ತಾರೆ. ಹಿರಿಯಳಿಗೆ ಅರವತ್ತು ದಾಟಿದೆ. ಕಳೆದ ವರ್ಷ ಅವಳ ಗೆರೆ ಹಿಂದಿನದಕ್ಕಿಂತ ಕಾಲು ಅಂಗುಲ ಕೆಳಗೆ ಬಿತ್ತು. ಮರುದಿನ ಅವಳನ್ನು ಕರೆದುಕೊಂಡು ಪರೀಕ್ಷೆಗೆ ಮೂವರೂ ಒಟ್ಟಿಗೆ ಹೋದೆವು. ಎಲುಬು ಸ್ವಲ್ಪ ತೆಳ್ಳಗಾಗಿದೆ, ಔಷಧ ಈಗಲೇ ಬೇಡ, ನಡೆಯಿರಿ, ಬಿಸಿಲಿಗೆ ಹೋಗಿ, ಮೆಟ್ಟಿಲು ಹತ್ತಿ ಎಂದು ವೈದ್ಯರು ಹೇಳಿದರು. ಹೊರಬಂದು ನೋಡಿದರೆ ಲಿಫ್ಟಿನ ಮುಂದೆ ಜನವೋ ಜನ. ಮೂವರೂ ಮೆಟ್ಟಿಲಿನ ಕಡೆಗೆ ನಡೆದೆವು.